ಅರ್ಧ ಉಳಿದ ಅಂಟಿನ ಡಬ್ಬಿಗೆ ಕನ್ನಡ ಬೇಕು

ಮೊನ್ನೆ ನಮ್ಮ ಷೆಡ್ಡಿನಲ್ಲಿ ಒಂದು ಕಬ್ಬಿಣದ ಮೊಳೆ ಬಾಟಲಿಯ ಮೂತಿಗೆ ಕಚ್ಚಿಕೊಂಡು ಕೂತಿತು. ಇಕ್ಕಳ ಹಾಕಿ ಎಳೆದರೂ ಬರಲಿಲ್ಲ. ಬೋಲ್ಟು ಸಡಿಲವಾಗದಂತೆ ಹಿಡಿಯುವ ಲಾಕಿಂಗ್ ಅಂಟು ಅದು, 50 ಮಿಲಿ ಬಾಟಲಿ. ಒಂದು ಪಂಪ್‌ಸೆಟ್ಟಿಗೆ ಹತ್ತು ಹನಿ ಖರ್ಚಾಗಿತ್ತು, ಅಷ್ಟೆ. ಕೆಲಸ ಕಲಿಯಲು ಬರುವ ಹುಡುಗ ಮುಖ ಸಣ್ಣದು ಮಾಡಿಕೊಂಡು, “ಮುಚ್ಚಳ ಸಿಗ್ಲಿಲ್ಲ ಅಣ್ಣ. ಸಿಲಿಕಾನ್ ಟ್ಯೂಬಿಗೆ ನೀವು ಸ್ಕ್ರೂ ತುರುಕಿಡ್ತೀರಲ್ಲ, ಹಂಗೇ ಮಾಡ್ದೆ” ಎಂದ.

ಅವನನ್ನು ಬಯ್ಯಲು ಬಾಯಿ ಬರಲಿಲ್ಲ. ಅವನು ನನ್ನನ್ನೇ ನೋಡಿ ಕಲಿತಿದ್ದ. ಸಾಗರದಲ್ಲಿ ಮರಗೆಲಸ ಮತ್ತು ಪಂಪ್ ರಿಪೇರಿಯ ಷೆಡ್ ಇಟ್ಟು 26 ವರ್ಷವಾದರೂ ಈ ವ್ಯತ್ಯಾಸವನ್ನು ನಾನು ಅವನಿಗೆ ಬಾಯಿಬಿಟ್ಟು ಹೇಳಿರಲಿಲ್ಲ.

ಸಿಲಿಕಾನ್ ಗಟ್ಟಿಯಾಗುವುದು ಗಾಳಿಯಲ್ಲಿರುವ ತೇವ ಕುಡಿದು. ಹಚ್ಚಿದಾಗ ಮೂಗಿಗೆ ಹೊಡೆಯುವ ಆ ವಿನೆಗರ್ ವಾಸನೆ ಅದರ ಗುರುತು. ಮೂತಿಗೆ ಉದ್ದನೆಯ ಸ್ಕ್ರೂ ತುರುಕಿದರೆ ಅದರ ಸುತ್ತ ಇರುವುದಷ್ಟೇ ರಬ್ಬರಾಗಿ, ಹಿಂದಿನದಕ್ಕೆ ಬಿರಡೆಯಾಗುತ್ತದೆ. ಮುಂದಿನ ಸಲ ಸ್ಕ್ರೂ ಎಳೆದರೆ ಬಿರಡೆಯೂ ಅದರ ಜೊತೆಗೇ ಬರುತ್ತದೆ.

ಲಾಕಿಂಗ್ ಅಂಟಿನ ಸ್ವಭಾವ ತಿರುಗುಮುರುಗು. ಗಾಳಿ ಇರುವಷ್ಟು ದಿನವೂ ಅದು ದ್ರವವಾಗಿಯೇ ಇರುತ್ತದೆ. ಗಾಳಿ ತಪ್ಪಿ ಲೋಹ ತಾಗಿದರೆ ಕಲ್ಲು. 1953ರಲ್ಲಿ ಅಮೆರಿಕದ ಹಾರ್ಟ್‌ಫರ್ಡಿನ ಟ್ರಿನಿಟಿ ಕಾಲೇಜಿನ ರಸಾಯನಶಾಸ್ತ್ರದ ಮೇಷ್ಟ್ರು ವರ್ನನ್ ಕ್ರೀಬಲ್ ಇದನ್ನು ಬಳಕೆಗೆ ತಂದದ್ದೇ ಈ ಗುಣ ಹಿಡಿದು. ಹೊಸ ಬಾಟಲಿಯಲ್ಲೂ ಅಷ್ಟು ಜಾಗ ಖಾಲಿ ಇರುವುದನ್ನು ನೋಡಿ, ಕಡಿಮೆ ತುಂಬಿ ಮೋಸ ಮಾಡಿದ್ದಾರೆ ಎಂದು ಅಂಗಡಿಯವರ ಹತ್ತಿರ ನಾನೇ ಒಮ್ಮೆ ಜಗಳ ಆಡಿದ್ದೆ. ಆ ಖಾಲಿ ಜಾಗದ ಗಾಳಿಯೇ ಅಂಟನ್ನು ಕಾಯುವುದು. ನಮ್ಮ ಹುಡುಗ ಇಕ್ಕಟ್ಟಾದ ಮೂತಿಗೆ ಕಬ್ಬಿಣ ತುರುಕಿ, ಗಾಳಿಯನ್ನು ಹೊರಗಟ್ಟಿ, ಬೋಲ್ಟಿಗೂ ನಟ್ಟಿಗೂ ಆಗಬೇಕಾದದ್ದನ್ನು ಬಾಟಲಿಗೇ ಮಾಡಿಬಿಟ್ಟಿದ್ದ.

ಅಪ್ಪನ ಕಾಲದಲ್ಲಿ ಈ ತಾಪತ್ರಯ ಇರಲಿಲ್ಲ. ಮರವಜ್ರ ನೆನೆಹಾಕಿ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸುತ್ತಿದ್ದರು. ಉಳಿದದ್ದು ಒಣಗಿ ಬಿಲ್ಲೆಯಾದರೂ ಚಿಂತೆ ಇಲ್ಲ, ಮತ್ತೆ ನೀರು ಹಾಕಿ ಕಾಯಿಸಿದರೆ ಆಯಿತು. ಈಗಿನವು ಒಮ್ಮೆ ಕಟ್ಟಿದರೆ ಹಿಂದಕ್ಕೆ ಬರುವುದಿಲ್ಲ. ಹಾಗಾಗಿ ಯಾವುದು ಯಾಕೆ ಕಟ್ಟುತ್ತದೆ ಎಂದು ತಿಳಿದಿರಲೇಬೇಕು.

ರಾಯಚೂರಿನಲ್ಲಿ ನನ್ನ ಷಡ್ಡಕನೂ ಮರಗೆಲಸದವನೇ. ಅವನಿಗೆ ಏಪ್ರಿಲ್ ಬಂದರೆ ಫೆವಿಕಾಲಿನದೇ ಚಿಂತೆ. ಅದು ನೀರು ಕಳೆದುಕೊಂಡು ಗಟ್ಟಿಯಾಗುವ ಅಂಟು. ಆ ಬಿಸಿಲಿಗೆ ಮುಚ್ಚಳ ಸ್ವಲ್ಪ ಸಡಿಲವಿದ್ದರೂ ಕೆನೆ ಕಟ್ಟುತ್ತದೆ. ಉಳಿದದ್ದನ್ನು ಸಣ್ಣ ಡಬ್ಬಿಗೆ ಬಗ್ಗಿಸಿ, ಅಂಟಿನ ಮೈಗೇ ತಾಗುವಂತೆ ಪ್ಲಾಸ್ಟಿಕ್ ಹಾಳೆ ಹಾಸಿ, ಮೇಲೆ ಮುಚ್ಚಳ ಬಿಗಿಯುತ್ತಾನೆ. ನನಗಿರುವುದು ಜುಲೈ ತಿಂಗಳ ಕಾಟ. ನಮ್ಮ ಮಳೆಗಾಲದ ಗಾಳಿಗೆ ಫೆವಿಕ್ವಿಕ್ ಟ್ಯೂಬಿನೊಳಗೇ ಕಟ್ಟುತ್ತದೆ, ಯಾಕೆಂದರೆ ಅದಕ್ಕೆ ತೇವದ ಸುಳಿವು ಸಿಕ್ಕರೂ ಸಾಕು. ಮೂತಿ ಒರೆಸಿ, ನೆಟ್ಟಗೆ ನಿಲ್ಲಿಸಿ, ಬಿಗಿ ಮುಚ್ಚಳದ ಹಾರ್ಲಿಕ್ಸ್ ಬಾಟಲಿಯೊಳಗೆ ಇಡುತ್ತೇನೆ. ಜೊತೆಗೆ ಚಪ್ಪಲಿ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ನಾಲ್ಕೈದು. ಬಾಟಲಿ ಸಮೇತ ಫ್ರಿಜ್ಜಿನಲ್ಲಿಟ್ಟರೆ ಇನ್ನೂ ಒಳ್ಳೆಯದು, ಆದರೆ ಮಕ್ಕಳ ಕೈಗೂ ಊಟದ ಪಾತ್ರೆಗೂ ದೂರ. ಹೊರಗೆ ತೆಗೆದವರು ತಣ್ಣಗಿರುವಾಗಲೇ ಬಾಟಲಿಯ ಮುಚ್ಚಳ ತಿರುಗಿಸಬಾರದು. ಒಂದು ಗಂಟೆ ಹೊರಗಿಟ್ಟು, ಚಳಿ ಬಿಟ್ಟ ಮೇಲೆ ತೆಗೆಯಬೇಕು. ಇಲ್ಲದಿದ್ದರೆ ತಣ್ಣನೆಯ ಟ್ಯೂಬಿನ ಮೇಲೆ ಬೆವರು ಕಟ್ಟಿ, ಉಳಿಸಲು ಹೋದದ್ದೇ ಹಾಳು.

ಪಿವಿಸಿ ಪೈಪಿನ ಸೊಲ್ಯೂಷನ್ ಬೇರೆ ಥರ. ಅದರ ದ್ರಾವಕ ಹಾರಿಹೋಗುತ್ತದೆ, ಜೆಲ್ಲಿಯಾದ ಮೇಲೆ ಎಸೆಯುವುದೊಂದೇ ದಾರಿ. ಬೆಂಕಿಯ ಹತ್ತಿರವಂತೂ ಬೇಡವೇ ಬೇಡ.

ಇಷ್ಟೂ ನಾನು ಕಲಿತದ್ದು ದುಡ್ಡು ಕಳೆದು. ಮೊಳೆಯ ಪ್ರಸಂಗವಾದ ದಿನ ನನ್ನ ಕಪಾಟಿನ ಹನ್ನೊಂದು ಡಬ್ಬಿಗಳನ್ನು ಬೆಳಕಿಗೆ ಹಿಡಿದು ಓದಿಸಿದೆ. ಹೆಚ್ಚಿನವುಗಳ ಮೇಲೆ ಇರುವೆಯಷ್ಟು ಸಣ್ಣ ಇಂಗ್ಲಿಷಿನಲ್ಲಿ ಒಂದೇ ಮಾತು: ತಂಪಾದ, ಒಣಗಿದ ಜಾಗದಲ್ಲಿಡಿ. ತೆರೆದ ಮೇಲೆ ಏನು ಮಾಡಬೇಕೆಂದು ಒಂದರ ಮೇಲೂ ಕನ್ನಡದಲ್ಲಿ ಇರಲಿಲ್ಲ. ಕಂಪನಿಗಳನ್ನು ನಾನು ಕೇಳುವುದು ಇಷ್ಟೇ. ಈ ಅಂಟನ್ನು ಗಟ್ಟಿ ಮಾಡುವುದು ಏನು, ಉಳಿದದ್ದನ್ನು ಹೇಗಿಡಬೇಕು, ಎರಡೇ ಸಾಲು, ಕನ್ನಡದಲ್ಲಿ, ಕಣ್ಣಿಗೆ ಕಾಣುವ ಅಕ್ಷರದಲ್ಲಿ ಅಚ್ಚು ಹಾಕಿ. ತೆರೆದ ತಾರೀಕು ಬರೆಯಲು ಒಂದು ಖಾಲಿ ಚೌಕ ಬಿಡಿ. ಕೊಳ್ಳುವವರಲ್ಲಿ ನನ್ನಂಥ ಸಣ್ಣ ಷೆಡ್ಡಿನವರು ಎಷ್ಟೋ ಜನ. ಆ 50 ಮಿಲಿಯ ಬೆಲೆ ನಮ್ಮ ಹುಡುಗನ ಒಂದು ದಿನದ ಕೂಲಿಗಿಂತ ಜಾಸ್ತಿ.

ಅಲ್ಲಿಯವರೆಗೆ ನಮ್ಮ ಷೆಡ್ಡಿನಲ್ಲಿ ಅವನೇ ಬರೆಯುತ್ತಿದ್ದಾನೆ. ಬಿಳಿ ಟೇಪ್ ಸುತ್ತಿ, ಮಾರ್ಕರಿನಲ್ಲಿ, ದುಂಡು ಅಕ್ಷರ. ನಿನ್ನೆ ಬಂದ ಹೊಸ ಬಾಟಲಿಯ ಮೇಲೆ ತಾರೀಕು ಹಾಕಿ, ಕೆಳಗೆ ಬರೆದಿದ್ದಾನೆ: “ಇದಕ್ಕೆ ಗಾಳಿ ಬೇಕು. ಕಬ್ಬಿಣ ಮುಟ್ಟಿಸಬೇಡಿ.”