ಬೇಟೆರಾಯನ ಊರಲ್ಲಿ ಬೋರಿನ ಲೆಕ್ಕ

ತುರುವೇಕೆರೆ: ಈ ಊರಲ್ಲಿ ನೆಲೆಸಿರುವ ದೇವರೇ ಬೇಟೆರಾಯಸ್ವಾಮಿ. ಅಂದ ಮೇಲೆ ಬೇಟೆ ಮಾತು ಇಲ್ಲಿನವರಿಗೆ ಹೊಸದೇನಲ್ಲ. ತೋಟದಲ್ಲಿ ಚಿರತೆ ಹೆಜ್ಜೆ ಕಂಡಿತು, ಕರಡಿ ಯಾರ ಮೇಲೋ ಬಿತ್ತು ಅಂತ ಸುದ್ದಿ ಬಂದರೆ ಸಾಕು, ಆ ಸಂಜೆ ಬಸ್ ಸ್ಟ್ಯಾಂಡಿನ ಸುತ್ತ ಎಲ್ಲರೂ ಬೇಟೆಗಾರರೇ. "ಡಬಲ್ ಬ್ಯಾರಲ್ಲು ಸಾಕು ಕಣಣ್ಣ, ಎಲ್‌ಜಿ ತೋಟಾ ಹಾಕಿದ್ರೆ ಅಲ್ಲೇ ಮಲಗ್ತದೆ" ಅಂತ ಒಬ್ಬರು. "ಬುಡಿ ಗೌಡ್ರೆ, ಅದಕ್ಕೆಲ್ಲ ರೈಫಲ್ಲೇ ಆಗಬೇಕು, ಮುನ್ನೂರ ಹದಿನೈದು" ಅಂತ ಇನ್ನೊಬ್ಬರು. ತಿಪಟೂರು ಬಸ್ಸು ಬರುವ ತನಕ ಚರ್ಚೆ. ಬಸ್ಸು ಬಂದ ಮೇಲೆ ಚಿರತೆಯೂ ಇಲ್ಲ, ಕರಡಿಯೂ ಇಲ್ಲ, ಸೀಟಿನ ಚಿಂತೆ.

ಬೋರು ಬೋರು ಅನ್ನುವವರು ಅದೇನೆಂದು ತಿಳಿದು ಮಾತಾಡಿದರೆ ಚೆನ್ನ. 12 ಬೋರ್ ಅಂದರೆ ಆ ನಳಿಗೆಗೆ ಸರಿಯಾಗಿ ಕೂರುವ ಸೀಸದ ಗುಂಡು ಪೌಂಡಿಗೆ 12 ತೂಗುತ್ತದೆ ಎಂದು ಅರ್ಥ. ಕೊಬ್ಬರಿ ಮಂಡಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಕೇಜಿಗೆ ಕಡಿಮೆ ಕೂತಷ್ಟೂ ಕಾಯಿ ದಪ್ಪ; 16 ಬೋರಿಗಿಂತ 12 ಬೋರ್ ದೊಡ್ಡದಾಗುವುದು ಹೀಗೆ. ರೈಫಲ್ಲಿನ ಲೆಕ್ಕ ಬೇರೆ. .315 ಅಂದರೆ ಒಂದಿಂಚನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ 315, ಸುಮಾರು 8 ಮಿಲಿಮೀಟರ್. .303 ಮಿಲಿಟರಿ ಬೋರು, ಸಾಮಾನ್ಯರಿಗೆ ನಿಷೇಧ. ಹಾಗಾಗಿ ಲೈಸೆನ್ಸ್ ಇದ್ದವರ ಬಾಯಲ್ಲಿ .315ರ ಹೆಸರು.

ದೊಡ್ಡ ಪ್ರಾಣಿಗೆ ದೊಡ್ಡ ಬೋರ್ ಬೇಕೆನ್ನುವುದು ಸುಳ್ಳಲ್ಲ. ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್‌ರ ಬೇಟೆ ಕತೆಗಳನ್ನು ಓದದವರು ಕಡಿಮೆ. ಬೆಂಗಳೂರಿನ ಆ ಆಂಡರ್ಸನ್ ಕೈಯಲ್ಲಿ ಇರುತ್ತಿದ್ದುದು .405 ವಿಂಚೆಸ್ಟರ್. ಗುಂಡು 300 ಗ್ರೇನ್, ಅಂದರೆ 19 ಗ್ರಾಂಗೂ ಮೇಲೆ. ಅಮೆರಿಕದ ಥಿಯೋಡೋರ್ ರೂಸ್‌ವೆಲ್ಟ್ 1909ರಲ್ಲಿ ಆಫ್ರಿಕಾದ ಸಿಂಹಕ್ಕೆ ಹೊತ್ತುಕೊಂಡು ಹೋಗಿದ್ದೂ ಇದೇ ಬೋರು. ಭಾರದ ಗುಂಡು ಭುಜದ ಮೂಳೆ ಒಡೆದು ಒಳಗಿನ ಗುಂಡಿಗೆ, ಶ್ವಾಸಕೋಶದ ತನಕ ಹೋಗುತ್ತದೆ. ಚೂರು ಗುಂಡು ಚರ್ಮ, ಕೊಬ್ಬಿನಲ್ಲೇ ನಿಂತುಬಿಡಬಹುದು; ದಪ್ಪ ಕೂದಲಿನ ಕರಡಿಗೆ ಅದು ಕೋಪ ಬರಿಸುವುದಕ್ಕೆ ಮಾತ್ರ ಸಾಕು.

1954ರ ಆಂಡರ್ಸನ್ ಪುಸ್ತಕದಲ್ಲಿ ನಮ್ಮ ದೇವರಾಯನದುರ್ಗದ ಹುಲಿಯೂ ಇದೆ, ಪಕ್ಕದ ಹೊಸದುರ್ಗ-ಹೊಳಲ್ಕೆರೆ ಕಡೆಯ ನರಭಕ್ಷಕನೂ ಇದೆ. ಆದರೆ ಬಸ್ ಸ್ಟ್ಯಾಂಡಿನ ಬೇಟೆಗಾರರು ಆ ಬರಹಗಳಲ್ಲಿ ಒಂದು ಸಂಗತಿಯನ್ನು ಹಾರಿಸಿ ಓದುತ್ತಾರೆ. ಹೊಲ ಕಾಯುವವನ ನಾಡಕೋವಿಯ ಅರೆಬರೆ ಏಟು ತಿಂದು, ಜಿಂಕೆ ಹಂದಿ ಹಿಡಿಯಲಾರದೆ ಮನುಷ್ಯನ ಮೇಲೆ ಬಿದ್ದ ಪ್ರಾಣಿಗಳು ಅವುಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಜಿಮ್ ಕಾರ್ಬೆಟ್ 1907ರಲ್ಲಿ ಹೊಡೆದ ಚಂಪಾವತದ ಹೆಣ್ಣುಹುಲಿಗೆ 436 ಜನ ಬಲಿಯಾಗಿದ್ದರು ಎನ್ನುತ್ತದೆ ಅವರ ಬರಹ. ಅದರ ಬಲಗಡೆಯ ಕೋರೆಹಲ್ಲುಗಳು ಹಳೇ ಗುಂಡೇಟಿಗೆ ಮುರಿದಿದ್ದವು. ಯಾರೋ ಒಬ್ಬ ಗುರಿ ತಪ್ಪಿದ. ಕಂದಾಯ ಕಟ್ಟಿದವರು 436 ಮಂದಿ.

ಈಗ ತುರುವೇಕೆರೆ ಸೀಮೆಯ ರೈತನ ಕೈಗೆ ಏನು ಸಿಗುತ್ತೆ ನೋಡೋಣ. ಬೆಳೆ ರಕ್ಷಣೆಗೆಂದು ಕಾನೂನು ಹೇಳುವುದು ಬಾಯಿಂದ ಮದ್ದು ತುಂಬುವ ಕೋವಿ. ಒಂದು ಸಲ ಹೊಡೆದರೆ ಮತ್ತೆ ಮದ್ದು ಹಾಕಿ, ಗಜದಿಂದ ಜಡಿದು, ಗುಂಡು ಕೂರಿಸಬೇಕು. ಏಟು ತಿಂದ ಕರಡಿ ಅಷ್ಟು ಹೊತ್ತು ಕಾದು ನಿಲ್ಲುತ್ತದೆಯೇ ಸ್ವಾಮಿ? ಸರಿ, ರೈಫಲ್ಲೇ ಸಿಕ್ಕಿತು ಅನ್ನಿ. ಇದು ದಟ್ಟ ಕಾಡಲ್ಲ, ತೆಂಗಿನ ನಾಡು. ತೋಟಕ್ಕೊಂದು ಮನೆ, ಮನೆಗೊಂದು ಕೊಟ್ಟಿಗೆ, ಜಗುಲಿ ಮೇಲೆ ಮಲಗಿದ ಮುದುಕರು. ಗುರಿ ತಪ್ಪಿದ .315 ಗುಂಡು ಒಂದು ಮೈಲಿಗೂ ಆಚೆ ಹೋಗುತ್ತದೆ. ಟಾರ್ಚಿನ ಬೆಳಕಲ್ಲಿ ಹೊಡೆದವನಿಗೆ ಆಚೆ ತೋಟದಲ್ಲಿ ಯಾರಿದ್ದರು ಅಂತ ಗೊತ್ತಾಗುವುದು ಬೆಳಗಾದ ಮೇಲೆ.

ಕಾನೂನೂ ಸಡಿಲವಿಲ್ಲ. 1972ರ ವನ್ಯಜೀವಿ ಕಾಯ್ದೆ ಬೇಟೆಯ ಬಾಗಿಲು ಹಾಕಿತು. ಚಿರತೆ, ಕರಡಿ ಒಂದನೇ ಪಟ್ಟಿಯವು. ಕೊಂದರೆ 3ರಿಂದ 7 ವರ್ಷ ಜೈಲು. ಮನುಷ್ಯರಿಗೆ ಅಪಾಯಕಾರಿಯಾಗಿ, ಬೋನಿಗೂ ಅರಿವಳಿಕೆಗೂ ಸಿಗದ ಪ್ರಾಣಿ ಎಂದು ಕಾರಣ ಬರೆದು ಮುಖ್ಯ ವನ್ಯಜೀವಿ ಪರಿಪಾಲಕರು ಆದೇಶ ಕೊಟ್ಟರೆ ಮಾತ್ರ ಗುಂಡು. ಮೈಮೇಲೆ ಬಿದ್ದಾಗ ಪ್ರಾಣ ಉಳಿಸಿಕೊಳ್ಳಲು ಹೊಡೆದದ್ದು ಅಪರಾಧವಲ್ಲ ಎಂದೂ ಅದೇ ಕಾಯ್ದೆ ಹೇಳುತ್ತದೆ. ಇದನ್ನು ಹಳ್ಳಿಗೆ ಬಂದು ತಿಳಿಸಿ ಹೇಳುವವರು ಕಡಿಮೆ.

ಹಾಗಂತ ರೈತರ ಸಿಟ್ಟು ಸುಳ್ಳೇ? ಖಂಡಿತ ಅಲ್ಲ. 2019ರ ಕೊನೆಯಿಂದ 2020ರ ಮೊದಲ ತಿಂಗಳುಗಳವರೆಗೆ ಗುಬ್ಬಿ, ಕುಣಿಗಲ್, ತುಮಕೂರು ತಾಲ್ಲೂಕುಗಳ ಹಳ್ಳಿಗಳಲ್ಲಿ ಚಿರತೆ ಮಕ್ಕಳನ್ನೂ ಬಲಿ ತೆಗೆದುಕೊಂಡಿತು. ಆ ತಾಯಂದಿರ ಮುಂದೆ ನಿಂತು ಕಾಯ್ದೆ ಪುಸ್ತಕ ಓದುವ ಧೈರ್ಯ ಯಾರಿಗಿದೆ? ಕೊಲ್ಲಬೇಕಾದ ಪ್ರಾಣಿಯನ್ನು ಕೊಲ್ಲಲೇಬೇಕು. ಆದರೆ ಬೋನಿಗೆ ಬಿದ್ದ ಚಿರತೆಯೇ ಮಗುವನ್ನು ಕೊಂದದ್ದು ಎಂದು ಹೇಳುವುದು ಇಲಾಖೆಯವರಿಗೇ ಕಷ್ಟ. ಕತ್ತಲಲ್ಲಿ ಕಂಡದ್ದಕ್ಕೆ ಗುಂಡು ಹಾರಿಸುವವನಿಗೆ ಯಾವ ಬೋರು ಅದನ್ನು ಹೇಳಿಕೊಡುತ್ತದೆ? ಈ ಕೆಲಸಕ್ಕೆ ಸರಿಯಾದ ರೈಫಲ್, ಅದರಲ್ಲಿ ಪಳಗಿದ ಕೈ, ಗಾಯಗೊಂಡ ಪ್ರಾಣಿಯ ಹಿಂದೆ ಪೊದೆಯೊಳಗೆ ಹೋಗುವ ಗುಂಡಿಗೆ ಬೇಕು. ಇವನ್ನು ಒದಗಿಸುವುದು ಸರ್ಕಾರದ ಕೆಲಸ. ಮೈಸೂರಿನಲ್ಲಿ 2023ರಲ್ಲಿ ಚಿರತೆ ಕಾರ್ಯಪಡೆ ಮಾಡಿದರು. ಮಾಡಿದ್ದು ತಿ. ನರಸೀಪುರದಲ್ಲಿ ಹೆಣಗಳು ಬಿದ್ದ ಮೇಲೆ. ನಮ್ಮ ಕಡೆಗೂ ಪಳಗಿದ ತಂಡ ಹೆಣ ಬೀಳುವ ಮೊದಲೇ, ಕರೆದ ರಾತ್ರಿಯೇ ಬರಬೇಕು.

ಕೋವಿ ಸಿಗದವರು ಹಿಡಿಯುವ ದಾರಿ ಇನ್ನೂ ಕೆಟ್ಟದು. ಬೇಲಿಗೆ ಕರೆಂಟು, ಹಂದಿಗೆ ಸಿಡಿಮದ್ದು, ಸತ್ತ ಕರುವಿಗೆ ವಿಷ. ಸಿಡಿಮದ್ದು ಹಂದಿ ಬಾಯಿ, ಹಸು ಬಾಯಿ ಅಂತ ನೋಡುವುದಿಲ್ಲ. ಹಸುವಿನ ದವಡೆ ಹಾರಿಹೋದರೆ ಯಾವ ಡಾಕ್ಟರೂ ಕೂರಿಸಲಾರರು. ಚಿರತೆ ಹಿಡಿದ ಕರುವನ್ನು ಮುಟ್ಟದೆ, ಹೂಳದೆ ಬಿಟ್ಟು ಅರಣ್ಯ ಇಲಾಖೆಗೆ ತಿಳಿಸಿದರೆ ಪರಿಹಾರದ ಅರ್ಜಿಗೆ ಬಲ ಬರುತ್ತದೆ, ಬೋನು ಎಲ್ಲಿ ಇಡಬೇಕೆಂದೂ ಗೊತ್ತಾಗುತ್ತದೆ.

ಇನ್ನು ಬೋರ್ ಚರ್ಚೆಯಲ್ಲಿ ಯಾರೂ ಎತ್ತದ ಮಾತು ಮೋಟಾರಿನದು. ರೈತ ನಡುರಾತ್ರಿ ಒಬ್ಬನೇ ತೋಟಕ್ಕೆ ಯಾಕೆ ಹೋಗುತ್ತಾನೆ? ತ್ರೀ ಫೇಸ್ ಕರೆಂಟು ಆಗ ಬಂದರೆ ಇನ್ನೇನು ಮಾಡಿಯಾನು? ಸ್ವಿಚ್ ಬೋರ್ಡು ಇರುವುದು ತೋಟದ ತುದಿಯಲ್ಲಿ, ಕರಡಿ ಓಡಾಡುವುದೂ ಅದೇ ಹೊತ್ತಿನಲ್ಲಿ. ಪಂಪ್‌ಸೆಟ್ಟಿಗೆ ಹಗಲು ಹೊತ್ತು ಕರೆಂಟು ಕೊಡಲು ಲೈಸೆನ್ಸೂ ಬೇಡ, ತೋಟಾನೂ ಬೇಡ. ಎಂಎಲ್ಎ ಸಾಹೇಬರನ್ನೂ ವಿದ್ಯುತ್ ಕಚೇರಿಯವರನ್ನೂ ಊರಿನವರು ಮೊದಲು ಕೇಳಬೇಕಾದ್ದು ಇದನ್ನು.