ಬಿಜಾಗರಿ ಡಜನ್ ಲೆಕ್ಕದ ಸರಕಲ್ಲ

ಮನೆ ಕಟ್ಟಿಸುವವರು ಬಾಗಿಲಿನ ಮರಕ್ಕೂ ಬೀಗಕ್ಕೂ ಸಾವಿರಾರು ರೂಪಾಯಿ ವೆಚ್ಚ ಮಾಡುತ್ತಾರೆ. ಆ ಬಾಗಿಲಿನ ಭಾರವನ್ನೆಲ್ಲ ಹೊರುವ ಬಿಜಾಗರಿಯ ಮಾತು ಬಂದಾಗ ಮಾತ್ರ ಅಗ್ಗದ್ದನ್ನು ಕೇಳುತ್ತಾರೆ. ಕೇಳಿದ್ದನ್ನು ಕೊಟ್ಟು ಕೈತೊಳೆದುಕೊಳ್ಳುವ ವರ್ತಕನೂ, ಬೆಲೆಯ ಪೈಪೋಟಿಯಲ್ಲಿ ತಗಡಿನ ದಪ್ಪವನ್ನು ಇಳಿಸುತ್ತ ಹೋಗುವ ಸಣ್ಣ ತಯಾರಕನೂ ಇದರಲ್ಲಿ ಪಾಲುದಾರರು. ಬಾಗಿಲು ಜೋತುಬಿದ್ದ ದಿನ ಹೆಸರು ಕೆಡುವುದು ಮಾತ್ರ ಇವರಿಬ್ಬರದೇ.

ಬಾಗಿಲು ಜೋಲುವುದಕ್ಕೆ ಸರಳವಾದ ಲೆಕ್ಕವಿದೆ. 30 ಕಿಲೋ ತೂಕದ, 900 ಮಿ.ಮೀ. ಅಗಲದ ಬಾಗಿಲಿಗೆ 1,500 ಮಿ.ಮೀ. ಅಂತರದಲ್ಲಿ ಎರಡು ಬಿಜಾಗರಿಗಳನ್ನು ಕೂರಿಸಿದರೆ, ಮೇಲಿನದನ್ನು ಚೌಕಟ್ಟಿನಿಂದ ಸುಮಾರು 9 ಕಿಲೋ ಬಲ ಸದಾ ಹೊರಕ್ಕೆ ಎಳೆಯುತ್ತಿರುತ್ತದೆ. ಮೊದಲು ಸಡಿಲಗೊಳ್ಳುವುದು ಮೇಲಿನ ತಿರುಪುಗಳೇ ಎಂಬುದರ ಕಾರಣ ಇದು. ಬಾಗಿಲು ಅಗಲವಾದಷ್ಟೂ ಎಳೆತ ಹೆಚ್ಚುತ್ತದೆ. ಆದ್ದರಿಂದ ಕೊಳ್ಳುವವನನ್ನು ಕೇಳಬೇಕಾದ ಪ್ರಶ್ನೆ 'ಎಷ್ಟು ಇಂಚಿನದು?' ಎಂಬುದೊಂದೇ ಅಲ್ಲ. ಬಾಗಿಲಿನ ತೂಕವೆಷ್ಟು, ದಿನಕ್ಕೆ ಎಷ್ಟು ಬಾರಿ ತೆರೆಯುವುದು, ಮಳೆಗಾಳಿಗೆ ಒಡ್ಡಿದೆಯೇ ಎಂಬುವೂ ಹೌದು.

ಉತ್ತರಕ್ಕೆ ತಕ್ಕಂತೆ ಬಗೆಯೂ ಬದಲಾಗುತ್ತದೆ. ಸಾಮಾನ್ಯ ಬಾಗಿಲಿಗೆ ಬಟ್ ಬಿಜಾಗರಿ ಸಾಕು; ಭಾರವಾದ, ಪದೇಪದೇ ತೆರೆಯುವ ಬಾಗಿಲಿಗೆ ಬಾಲ್ ಬೇರಿಂಗ್ ಇರುವುದು ಬೇಕು. ಗೋಡೆಗೆ ಒರಗುವಂತೆ ಪೂರ್ತಿ ತೆರೆಯಬೇಕಾದರೆ ಪಾರ್ಲಿಮೆಂಟ್ ಬಿಜಾಗರಿ, ಗೋದಾಮಿನ ಹಲಗೆಬಾಗಿಲಿಗೆ ಟೀ ಬಿಜಾಗರಿ, ಉದ್ದನೆಯ ಪೆಟ್ಟಿಗೆಯ ಮುಚ್ಚಳಕ್ಕೆ ಪಿಯಾನೋ ಬಿಜಾಗರಿ ಒಪ್ಪುತ್ತವೆ. ಅಡುಗೆಮನೆಯ ಕಪಾಟಿಗೆ ಆಟೋ ಹಿಂಜಸ್ ಕೊಡುವಾಗ ಬಾಗಿಲು ಪಕ್ಕದ ಹಲಗೆಯನ್ನು ಪೂರ್ತಿ ಮುಚ್ಚುವುದೋ, ಅರ್ಧ ಮುಚ್ಚುವುದೋ, ಒಳಗೆ ಕೂರುವುದೋ ಎಂದು ತಿಳಿದೇ 0, 8 ಅಥವಾ 16 ಕ್ರ್ಯಾಂಕ್ ಆರಿಸಬೇಕು.

ಲೋಹದ ವಿಷಯದಲ್ಲಿ ಒಂದು ತಪ್ಪುನಂಬಿಕೆ ಬೇರೂರಿದೆ. ಅಯಸ್ಕಾಂತ ಅಂಟದಿದ್ದರೆ ಅದು 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಎಂದು ಹಲವರು ತಿಳಿಯುತ್ತಾರೆ. ನಿಕ್ಕಲ್ ಕಡಿಮೆಯಿರುವ, ಅಗ್ಗದ 202 ದರ್ಜೆಗೂ ಅಯಸ್ಕಾಂತ ಸಾಮಾನ್ಯವಾಗಿ ಅಂಟುವುದಿಲ್ಲ. ಕಾರವಾರ, ಮಂಗಳೂರಿನಂಥ ಕಡಲತೀರದ ಉಪ್ಪುಗಾಳಿಯಲ್ಲಿ ಈ ವ್ಯತ್ಯಾಸ ತುಕ್ಕಿನ ರೂಪದಲ್ಲಿ ಬಯಲಾಗುತ್ತದೆ. ಅಲ್ಲಿ ಮಾಲಿಬ್ಡಿನಮ್ ಬೆರೆತ 316 ದರ್ಜೆ ಇನ್ನೂ ಲೇಸು. ಉತ್ತಮ ಬಿಜಾಗರಿಗೆ ಕಬ್ಬಿಣದ ತಿರುಪು ಹಾಕಿದರೂ ಫಲ ಅದೇ. ತಿರುಪೂ ಅದೇ ಲೋಹದ್ದಾಗಿರಬೇಕು.

ನಿರ್ವಹಣೆಯ ಮಾತನ್ನು ಸರಕಿನೊಡನೆಯೇ ಹೇಳಿ ಕಳುಹಿಸುವುದು ವರ್ತಕಧರ್ಮ. ವರ್ಷಕ್ಕೊಮ್ಮೆ ತಿರುಪು ಬಿಗಿಮಾಡಬೇಕು. ರಂಧ್ರ ಸವೆದಿದ್ದರೆ ಮರದ ಕಡ್ಡಿಯನ್ನು ಅಂಟಿನೊಡನೆ ತುಂಬಿ, ಒಣಗಿದ ಬಳಿಕ ತಿರುಪು ಕೂರಿಸಬೇಕು. ಧೂಳು ಒರೆಸಿ ಪಿನ್ನಿಗೆ ಒಂದೆರಡು ಹನಿ ಯಂತ್ರದೆಣ್ಣೆ ಬಿಟ್ಟರೆ ಸಾಕು. ಚಳಿಗೆ ಹೆಪ್ಪುಗಟ್ಟುವ ಕೊಬ್ಬರಿ ಎಣ್ಣೆ ಇದಕ್ಕೆ ತಕ್ಕದ್ದಲ್ಲ.

ಉಕ್ಕಿನ ಬಟ್ ಬಿಜಾಗರಿಗೆ ಐ.ಎಸ್. 1341, ಸ್ಟೇನ್‌ಲೆಸ್ ಸ್ಟೀಲಿನದಕ್ಕೆ ಐ.ಎಸ್. 12817 ಎಂಬ ಭಾರತೀಯ ಮಾನಕಗಳಿವೆ. ತಯಾರಕರು ದಪ್ಪ, ದರ್ಜೆ ಮತ್ತು ಹೊರಬಲ್ಲ ತೂಕವನ್ನು ಪೊಟ್ಟಣದ ಮೇಲೆ ಅಚ್ಚುಹಾಕಲಿ. ವರ್ತಕರು ದರ್ಜೆಯನ್ನು ಬಿಲ್ಲಿನಲ್ಲಿ ಬರೆಯಲಿ. ದಪ್ಪ ಇಳಿಸದೆ ಪ್ರಾಮಾಣಿಕವಾಗಿ ತಯಾರಿಸುವವನು ಬೆಲೆಯ ಪೈಪೋಟಿಯಲ್ಲಿ ಸೋಲದಿರಲು ಬೇರೆ ದಾರಿಯಿಲ್ಲ. ಗುಣಭೇದ ಕಣ್ಣಿಗೆ ಕಾಣದ ಕಡೆ ಗಿರಾಕಿ ಬೆಲೆಯನ್ನಷ್ಟೇ ನೋಡುತ್ತಾನೆ. ಅದನ್ನು ಕಾಣಿಸುವ ಹೊಣೆ ಮಾರುವವರದು.