ಬಾಲಕ್ಕೆ ಕಟ್ಟೋ ಕಾರು

ಅಮೆರಿಕದ ಹೆದ್ದಾರಿಗಳಲ್ಲಿ ಓಡಾಡಿದವರು ಇದನ್ನ ನೋಡೇ ಇರ್ತೀರಿ. ನಮ್ಮ ಕೆಎಸ್ಸಾರ್ಟಿಸಿ ಬಸ್ಸಿನಷ್ಟು ಉದ್ದದ ಒಂದು ಮೋಟರ್‌ಹೋಮ್, ಅದರ ಬೆನ್ನಿಗೆ ಒಂದು ಕಾರು. ಕಾರಿನೊಳಗೆ ಯಾರೂ ಇಲ್ಲ, ಎಂಜಿನ್ ಆಫ್, ಆದ್ರೆ ನಾಲ್ಕೂ ಚಕ್ರ ರಸ್ತೆ ಮೇಲೇ ಉರುಳ್ತಾ ಇರುತ್ತೆ, ಎತ್ತಿನಗಾಡಿ ಹಿಂದೆ ಕಟ್ಟಿದ ಕರುವಿನ ಥರ. ಇಲ್ಲಿನವರು ಅದನ್ನ ಪ್ರೀತಿಯಿಂದ 'ಟೋಡ್' ಅಂತಾರೆ. 'ಟೋವ್ಡ್' ಅನ್ನೋದು ಬಾಯಲ್ಲಿ ಸವೆದು ಸವೆದು ಕಪ್ಪೆ ಆಗಿಬಿಟ್ಟಿದೆ :-)

ಈ ಕಪ್ಪೆ ಯಾವುದಿರಬೇಕು ಅನ್ನೋದರ ಬಗ್ಗೆ ನನ್ನದೊಂದು ಖಡಾಖಂಡಿತ ಅಭಿಪ್ರಾಯ ಇದೆ. ಜನ ಇದನ್ನ ಕಾರು ಕೊಳ್ಳೋ ಪ್ರಶ್ನೆ ಅಂದ್ಕೋತಾರೆ. ಅಲ್ಲ ಸ್ವಾಮಿ. ಇದು ಗೇರ್‌ಬಾಕ್ಸಿನ ಪ್ರಶ್ನೆ, ತೂಕದ ಪ್ರಶ್ನೆ, ಬ್ರೇಕಿನ ಪ್ರಶ್ನೆ. ಈ ಮೂರಕ್ಕೂ ಉತ್ತರ ಸಿಕ್ಕ ಮೇಲೆ ಉಳಿಯೋ ಕಾರುಗಳು ಬೆರಳೆಣಿಕೆ. ಅದರಲ್ಲಿ ಅತೀ ಸಾಧಾರಣವಾದ, ಹಳೆಯದಾದ, ಹಗುರವಾದ ಕಾರನ್ನ ಆರಿಸೋದೇ ಜಾಣತನ.

ಮೊದಲು, ಕಾರು ಬೇಕೇ ಬೇಕಾ ಅಂತ ಕೇಳೋರಿಗೆ. ಮೂವತ್ತೈದು ಅಡಿ ಗಾಡೀನ ಒಂದು ಸಲ ಕ್ಯಾಂಪ್‌ಗ್ರೌಂಡಲ್ಲಿ ನಿಲ್ಲಿಸಿ, ನೀರು, ಕರೆಂಟು ಎಲ್ಲ ಜೋಡಿಸಿದ ಮೇಲೆ ಹಾಲು ತರೋಕೆ ಅದನ್ನೇ ಬಿಚ್ಚಿ ಓಡಿಸ್ತೀರಾ? ಇನ್ನೊಂದು ಉದಾಹರಣೆ. ಮೊಂಟಾನಾದ ಗ್ಲೇಸಿಯರ್ ನ್ಯಾಷನಲ್ ಪಾರ್ಕಿಗೆ ಹೋದವರೆಲ್ಲ ನೋಡಬೇಕು ಅನ್ನೋದು 'ಗೋಯಿಂಗ್ ಟು ದ ಸನ್' ರಸ್ತೆ. ಅದರ ಬೆಟ್ಟದ ಭಾಗದಲ್ಲಿ, ಅವಲಾಂಚ್ ಮತ್ತು ರೈಸಿಂಗ್ ಸನ್ ನಡುವೆ, 21 ಅಡಿಗಿಂತ ಉದ್ದ ಅಥವಾ 8 ಅಡಿಗಿಂತ ಅಗಲ ಇರೋ ಗಾಡಿಗೆ ಪ್ರವೇಶವೇ ಇಲ್ಲ. ಅಂದ್ರೆ ಲಕ್ಷ ಡಾಲರ್ ಕೊಟ್ಟು ತಗೊಂಡ ಮನೆ ಕೆಳಗಡೆ ನಿಂತಿರುತ್ತೆ, ಬೆಟ್ಟ ತೋರಿಸೋದು ಹಿಂದೆ ಕಟ್ಟಿಕೊಂಡು ಬಂದ ಕಪ್ಪೆಯೇ!

ಇಷ್ಟೆಲ್ಲ ಬರೆಯೋಕೆ ಕಾರಣ ನಮ್ಮ ಭಾವ. ದೊಡ್ಡಪ್ಪನ ಮಗಳ ಗಂಡ, ಡಲ್ಲಾಸ್ ಹತ್ರ ಇಪ್ಪತ್ತೈದು ವರ್ಷದಿಂದ ಇದಾರೆ. ಬೇಗ ರಿಟೈರ್ ಆಗಿ, ಉಳಿಸಿದ ದುಡ್ಡಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಮೋಟರ್‌ಹೋಮ್ ತಗೊಳ್ಳೋ ಯೋಚನೆ. ಬರೋ ಬೇಸಿಗೆಗೆ ಸಾಗರದಿಂದ ದೊಡ್ಡಪ್ಪ, ದೊಡ್ಡಮ್ಮನೂ ಬಂದು ಅದೇ ಗಾಡೀಲಿ ಊರು ಸುತ್ತೋ ಕಾರ್ಯಕ್ರಮ ಇದೆ. ಮನೇಲಿರೋದು ಆಲ್ ವೀಲ್ ಡ್ರೈವ್ ಹೈಬ್ರಿಡ್ ರಾವ್-4. ಮೋಟರ್‌ಹೋಮ್ ಮಾರೋ ಸೇಲ್ಸ್‌ಮನ್, "ನ್ಯೂಟ್ರಲ್‌ಗೆ ಹಾಕಿ ಎಳೀರಿ, ಏನೂ ಆಗಲ್ಲ" ಅಂದನಂತೆ. ಭಾವ ನನಗೆ ಫೋನ್ ಮಾಡಿ, "ನೀನು ಎಂಜಿನಿಯರಿಂಗ್ ಓದಿದೀಯಲ್ಲ ಮಾರಾಯ, ಏನು ಹೇಳ್ತೀಯ?" ಅಂದ್ರು. "ಭಾವ, ನಾನು ಹೇಳೋದು ಬೇಡ, ಸೇಲ್ಸ್‌ಮನ್ ಹೇಳೋದೂ ಬೇಡ. ಕಾರಿನ ಓನರ್ಸ್ ಮ್ಯಾನ್ಯುಯಲ್ ತೆಗೀರಿ" ಅಂದೆ. ಮೋಟರ್‌ಹೋಮ್ ಹಿಂದೆ ನಾಲ್ಕು ಚಕ್ರ ನೆಲಕ್ಕೆ ತಾಗಿಸಿ ಎಳೆಯೋಕೆ ಈ ಕಾರು ಮಾಡಿದ್ದಲ್ಲ ಅಂತ ಅದರಲ್ಲಿ ಸ್ಪಷ್ಟವಾಗಿ ಬರೆದಿದೆ.

ಯಾಕೆ ಹೀಗೆ? ಸಾಮಾನ್ಯ ಆಟೋಮ್ಯಾಟಿಕ್ ಗೇರ್‌ಬಾಕ್ಸಿನೊಳಗೆ ಎಣ್ಣೆ ಹರಿಸೋ ಪಂಪನ್ನ ತಿರುಗಿಸೋದು ಎಂಜಿನ್. ಎಂಜಿನ್ ನಿಂತಿದ್ರೆ ಪಂಪೂ ನಿಂತಿರುತ್ತೆ. ಆದ್ರೆ ಚಕ್ರ ಉರುಳ್ತಾ ಇರೋದ್ರಿಂದ ಗೇರ್‌ಬಾಕ್ಸಿನ ಹೊರಬದಿಯ ಭಾಗಗಳು ತಿರುಗ್ತಾನೇ ಇರುತ್ವೆ, ಎಣ್ಣೆ ಇಲ್ಲದೆ. ಗಂಟೆಗೆ 60 ಮೈಲಿಯಲ್ಲಿ ಐದಾರು ಗಂಟೆ ಹೀಗೆ ಓಡಿದ್ರೆ ಒಳಗೆ ಏನುಳಿಯುತ್ತೆ? ಎಣ್ಣೆ ಕಾಣದ ಗಾಣದ ಕಥೆಯೇ. ನ್ಯೂಟ್ರಲ್ ಅಂದ್ರೆ ಎಂಜಿನ್‌ನಿಂದ ಸಂಬಂಧ ಕಡಿದ ಹಾಗೆ, ಚಕ್ರದಿಂದ ಅಲ್ಲ! ಮ್ಯಾನ್ಯುಯಲ್ ಗೇರ್‌ಬಾಕ್ಸುಗಳಲ್ಲಿ ಸಾಮಾನ್ಯವಾಗಿ ಗೇರುಗಳು ಎಣ್ಣೆಯಲ್ಲೇ ಮುಳುಗಿ ಅದನ್ನ ಎರಚಿಕೊಳ್ತಾವೆ, ಹಾಗಾಗಿ ಹಲವು ಪಾರಾಗುತ್ವೆ, ಎಲ್ಲವೂ ಅಲ್ಲ. ಎಲೆಕ್ಟ್ರಿಕ್ ಕಾರುಗಳದ್ದು ಇನ್ನೊಂದು ಕಥೆ. ಚಕ್ರ ತಿರುಗಿದ್ರೆ ಮೋಟರೂ ತಿರುಗಿ ಕರೆಂಟ್ ಹುಟ್ಟಿಸುತ್ತೆ, ಅದಕ್ಕೇ ಟೆಸ್ಲಾದಂಥ ಕಾರನ್ನ ನಾಲ್ಕೂ ಚಕ್ರ ನೆಲದಿಂದ ಎತ್ತಿಯೇ ಸಾಗಿಸಬೇಕು.

ಹಾಗಾದ್ರೆ ಡಾಲಿ ಮೇಲೆ ಮುಂದಿನ ಎರಡು ಚಕ್ರ ಏರಿಸಿದ್ರೆ? ಫ್ರಂಟ್ ವೀಲ್ ಡ್ರೈವ್ ಕಾರಿಗೆ ಅದು ಸಾಮಾನ್ಯವಾಗಿ ಸರಿಹೋಗುತ್ತೆ. ಭಾವನ ಕಾರಿಗೆ ಹಿಂದಿನ ಚಕ್ರಕ್ಕೂ ಒಂದು ಮೋಟರ್ ಇದೆ, ಅದೂ ಇಲ್ಲ. ಉಳಿದದ್ದು ಪೂರ್ತಿ ಟ್ರೇಲರ್. ಅದರ ತೂಕವೇ ಸುಮಾರು 2,000 ಪೌಂಡ್, ಮೇಲಿಂದ ಕ್ಯಾಂಪ್‌ಗ್ರೌಂಡಲ್ಲಿ ಖಾಲಿ ಟ್ರೇಲರ್ ಎಲ್ಲಿ ನಿಲ್ಲಿಸೋದು ಅನ್ನೋ ತಲೆನೋವು.

ಹಾಗಾದ್ರೆ ಎಳೆಸಿಕೊಳ್ಳೋಕೆ ಬರೋ ಕಾರು ಯಾವುದು? ಎಲ್ಲರ ಬಾಯಲ್ಲೂ ಬರೋ ಹೆಸರು ಜೀಪ್ ರಾಂಗ್ಲರ್. ಕಾರಣ ಶೋಕಿ ಅಲ್ಲ. ಅದರ ಟ್ರಾನ್ಸ್‌ಫರ್ ಕೇಸಿಗೇ ಪ್ರತ್ಯೇಕ ನ್ಯೂಟ್ರಲ್ ಇದೆ. ಅದನ್ನ ಹಾಕಿದ್ರೆ ಗೇರ್‌ಬಾಕ್ಸಿಗೂ ಚಕ್ರಕ್ಕೂ ನಂಟೇ ಇರಲ್ಲ. ಎಷ್ಟರಮಟ್ಟಿಗೆ ಅಂದ್ರೆ, ಎಳೆಯುವಾಗ ಆಟೋಮ್ಯಾಟಿಕ್ ಗೇರನ್ನ ಪಾರ್ಕ್‌ನಲ್ಲೇ ಇಡಬೇಕು ಅನ್ನುತ್ತೆ ಅದರ ಮ್ಯಾನ್ಯುಯಲ್! ಇನ್ನೊಂದು ಹೆಸರು 2014ರವರೆಗಿನ ಹೋಂಡಾ ಸಿಆರ್-ವಿ. ಹೊರಡೋ ಮುಂಚೆ ಎಂಜಿನ್ ಶುರು ಮಾಡಿ, ಎಲ್ಲಾ ಗೇರುಗಳನ್ನೂ ಒಂದು ಸುತ್ತು ಹಾಕಿ, ಡ್ರೈವ್‌ನಲ್ಲಿ ಐದು ಸೆಕೆಂಡ್ ಇಟ್ಟು, ನ್ಯೂಟ್ರಲ್‌ಗೆ ತಂದು ಮೂರು ನಿಮಿಷ ಓಡಿಸಿ ಆಫ್ ಮಾಡ್ಬೇಕು. ಗಂಟೆಗೆ 65 ಮೈಲಿ ಮೀರಬಾರದು, ಎಂಟು ಗಂಟೆಗಿಂತ ಜಾಸ್ತಿ ಎಳೆದ್ರೆ ಮತ್ತೆ ಇದೇ ಪೂಜೆ. 2015ರಲ್ಲಿ ಅದೇ ಸಿಆರ್-ವಿಗೆ ಸಿವಿಟಿ ಗೇರ್‌ಬಾಕ್ಸ್ ಬಂತು, ಎಳೆಯೋ ಅನುಮತಿ ಹೋಯ್ತು. ಹೊರಗಡೆ ನೋಡಿದ್ರೆ ಎರಡೂ ಒಂದೇ ಥರ. ಅದಕ್ಕೇ "ನಮ್ಮ ಸ್ನೇಹಿತರು ಸಿಆರ್-ವಿ ಎಳೀತಾರೆ" ಅನ್ನೋ ಮಾತಿಗೆ ಬೆಲೆ ಇಲ್ಲ. ಯಾವ ವರ್ಷದ್ದು, ಯಾವ ಗೇರ್‌ಬಾಕ್ಸು ಅಂತ ಕೇಳಿ.

ಎರಡನೇದು ತೂಕ. ಹಿಚ್ ಮೇಲೆ 5,000 ಪೌಂಡ್ ಅಂತ ಬರೆದಿದ್ರೆ 5,000 ಎಳೀಬಹುದು ಅಂತಲ್ಲ. ಬಸ್ಸಿನಾಕಾರದ ದೊಡ್ಡ ಪೆಟ್ರೋಲ್ ಮೋಟರ್‌ಹೋಮ್‌ಗಳಲ್ಲಿ ಬಹುಪಾಲು ಫೋರ್ಡ್ ಎಫ್-53 ಚಾಸಿ ಮೇಲೆ ಕಟ್ಟಿರೋವು. ಅದರ ಒಂದು ಮಾದರಿಯಲ್ಲಿ ಗಾಡಿಯ ಗರಿಷ್ಠ ತೂಕ 22,000 ಪೌಂಡ್, ಎಳೆಯೋದೂ ಸೇರಿ ಗರಿಷ್ಠ 26,000. ನೀರಿನ ಟ್ಯಾಂಕು, ಅಕ್ಕಿ ಮೂಟೆ, ಕುಕ್ಕರು, ಆರು ಜನ ಎಲ್ಲ ತುಂಬಿ ಗಾಡಿ 22,000 ಮುಟ್ಟಿದ್ರೆ ಬಾಲಕ್ಕೆ ಉಳಿಯೋದು ನಾಲ್ಕೇ ಸಾವಿರ. ನಾಲ್ಕು ಬಾಗಿಲಿನ ರಾಂಗ್ಲರ್ ಖಾಲಿ ಇದ್ದಾಗಲೇ ಅದನ್ನ ದಾಟುತ್ತೆ. ಹಳೇ ಸಿಆರ್-ವಿ ಮೂರೂವರೆ ಸಾವಿರದ ಆಸುಪಾಸು. ಲೆಕ್ಕ ನೀವೇ ಹಾಕಿ.

ಮೂರನೇದು ಬ್ರೇಕು, ಜನ ದುಡ್ಡು ಉಳಿಸೋಕೆ ನೋಡೋದು ಇಲ್ಲೇ. ಮೋಟರ್‌ಹೋಮಿನ ಬ್ರೇಕಿರೋದು ತನ್ನ ತೂಕ ತಡೆಯೋಕೆ. ಹಿಂದಿನಿಂದ ಮೂರೂವರೆ ಸಾವಿರ ಪೌಂಡ್ ದೂಡ್ತಾ ಇದ್ರೆ ಇಳಿಜಾರಲ್ಲಿ ಅದು ನಿಲ್ಲೋ ದೂರ ಹೆಚ್ಚಾಗುತ್ತೆ. ಹಾಗಾಗಿ ಮುಂದಿನ ಗಾಡಿ ಬ್ರೇಕ್ ಹಾಕಿದಾಗ ಹಿಂದಿನ ಕಾರಿನ ಪೆಡಲನ್ನೂ ಒತ್ತೋ ವ್ಯವಸ್ಥೆ ಬೇಕು. ಕೊಂಡಿ ಕಳಚಿಕೊಂಡ್ರೆ ಕಾರು ತಾನಾಗೇ ಬ್ರೇಕ್ ಹಾಕಿ ನಿಲ್ಲೋ ಸ್ವಿಚ್ ಕೂಡ ಬೇಕು. ಕಾನೂನು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಟ್ರೇಲರಿಗೆ ಬ್ರೇಕ್ ಕಡ್ಡಾಯ ಆಗೋ ಗೆರೆ ಹಲವು ರಾಜ್ಯಗಳಲ್ಲಿ 3,000 ಪೌಂಡ್, ಕ್ಯಾಲಿಫೋರ್ನಿಯಾದಲ್ಲಿ 1,500. "ನಮ್ಮ ರಾಜ್ಯದಲ್ಲಿ ಬೇಡವಂತೆ" ಅಂತ ವಾದ ಮಾಡೋರಿಗೆ ನಾನು ಹೇಳೋದಿಷ್ಟೇ: ಭೌತಶಾಸ್ತ್ರ ರಾಜ್ಯದ ಗಡಿ ನೋಡಲ್ಲ. ಒಳಗೆ ಕೂತಿರೋರು ದೊಡ್ಡಪ್ಪ, ದೊಡ್ಡಮ್ಮ. ಮುಂದೆ ಸಡನ್ನಾಗಿ ನಿಂತ ಕಾರಲ್ಲಿರೋರು ಇನ್ಯಾರದೋ ಅಪ್ಪ, ಅಮ್ಮ.

ಟೋ ಬಾರ್, ಕಾರಿನ ಮುಂಭಾಗಕ್ಕೆ ಕೂರಿಸೋ ಬೇಸ್ ಪ್ಲೇಟ್, ದೀಪದ ವೈರಿಂಗ್, ಬ್ರೇಕು, ಕೂಲಿ ಎಲ್ಲ ಸೇರಿ ಖರ್ಚು ಸುಲಭವಾಗಿ ಮೂರು ಸಾವಿರ ಡಾಲರ್ ದಾಟುತ್ತೆ. ಅದಕ್ಕೇ ನಾನು ಹೇಳೋದು, ಕಾರಿಗೆ ದುಡ್ಡು ಸುರಿಯಬೇಡಿ, ಜೋಡಣೆಗೆ ಎತ್ತಿಡಿ. ಐವತ್ತು ಸಾವಿರದ ಹೊಸ ಕಾರು ತಗೊಂಡು ಸಾವಿರಾರು ಮೈಲಿ ಅದರ ಮೂತಿಗೆ ಕಲ್ಲು ಹೊಡೆಸೋದು ಯಾವ ಸುಖಕ್ಕೆ?

ಇದಕ್ಕೆ ವಿರುದ್ಧವಾದ ವಾದವೂ ಇದೆ. ಹಳೇ ಕಾರಲ್ಲಿ ಹೊಸ ಸುರಕ್ಷತಾ ಸೌಲಭ್ಯ ಇರಲ್ಲ, ಅದೂ ಮೈಲಿ ಓಡಿ ಸುಸ್ತಾಗಿರುತ್ತೆ ಅಂತಾರೆ. ಒಪ್ಪೋಣ. ತಗೊಳ್ಳೋ ಮುಂಚೆ ಮೆಕ್ಯಾನಿಕ್‌ಗೆ ತೋರಿಸಿ. ಇನ್ನು ಒಂದೇ ಊರಲ್ಲಿ ಒಂದೊಂದು ತಿಂಗಳು ಠಿಕಾಣಿ ಹೂಡೋರಾದ್ರೆ ಎಳೆಯೋ ಗೋಜೇ ಬೇಡ, ಅಲ್ಲೇ ಒಂದು ಬಾಡಿಗೆ ಕಾರು ತಗೊಳ್ಳಿ. ಎಳೆಯೋ ಗಾಡಿಯನ್ನ ರಿವರ್ಸ್ ತಗೊಳ್ಳೋ ಹಾಗಿಲ್ಲ ಅನ್ನೋದೂ ನೆನಪಿರಲಿ. ಹಿಂದಕ್ಕೆ ತಳ್ಳಿದ್ರೆ ಕಾರಿನ ಮುಂದಿನ ಚಕ್ರ ಅಡ್ಡ ತಿರುಗಿ ಕೂತ್ಕೊಳ್ಳುತ್ತೆ. ದಾರಿ ತಪ್ಪಿ ಕಿರಿದಾದ ಪೆಟ್ರೋಲ್ ಬಂಕಿಗೆ ನುಗ್ಗಿದ್ರೆ ಅಲ್ಲೇ ಕಾರು ಬಿಚ್ಚಬೇಕು, ಮಳೆಯಾಗಲಿ ಬಿಸಿಲಾಗಲಿ.

ಒಟ್ಟಿನಲ್ಲಿ ನನ್ನ ಮಾತು ಇಷ್ಟು. ಮೊದಲು ಮ್ಯಾನ್ಯುಯಲಿನ ಆ ಒಂದು ಪುಟ, ಆಮೇಲೆ ತಕ್ಕಡಿ, ಆಮೇಲೆ ಬ್ರೇಕು, ಕೊನೆಗೆ ಕಾರಿನ ಬಣ್ಣ. ಮನೇಲಿರೋ ಕಾರು ಈ ಪರೀಕ್ಷೆಯಲ್ಲಿ ಫೇಲಾದ್ರೆ ಬೇಜಾರು ಮಾಡ್ಕೋಬೇಡಿ, ಅದನ್ನ ಮನೇಲೇ ಬಿಟ್ಟು ಹೊರಡಿ. ಉಳಿತಾಯದ ದುಡ್ಡಲ್ಲಿ ಮನೆಯನ್ನೇ ಚಕ್ರದ ಮೇಲೆ ಹತ್ತಿಸಿ ಹೊರಟೋರಿಗೆ ಹಿಂದೆ ಬರೋ ಕಾರಿನ ಚಂದಕ್ಕಿಂತ ಅದು ಸುಮ್ಮನೆ ಹಿಂದೆ ಬರೋದು ಮುಖ್ಯ. ಏನಂತೀರಿ?